ಕೆಳಗಿನ ಕಣ್ಣಿಗೆ ಕೆಂಪು ಗಾಜು

ಮೆಣಸಿನಕಾಯಿ, ರಸ್ತೆಯ ಎಡಕ್ಕೆ ಕಣದ ತುಂಬ ಹರವಿದ ಕೆಂಪು ಮೆಣಸಿನಕಾಯಿ, ಬಸ್ಸಿನ ಕಿಟಕಿಯಲ್ಲಿ ಒಂದು ಗಳಿಗೆ ನಿಂತಂತೆ ಮಾಡಿ ಹಿಂದಕ್ಕೆ ಸರಿದುಹೋಯಿತು, ಘಾಟು ಮಾತ್ರ ಒಳಗೆ ಬಂದು ಕುಳಿತಿತು, ಮುಂದಿನ ಸೀಟಿನ ಹೆಂಗಸು ಎರಡು ಸಲ ಸೀನಿ ಸೆರಗು ಮೂಗಿಗೆ ಹಿಡಿದಳು — ಕೆಂಪು ಗಾಜು ಹಾಕಿ ತೆಗೆದರೆ ಇದೆಲ್ಲ ಬಿಳಿ, ಅರಳೆ ಹರವಿದ ಹಾಗೆ ಬಿಳಿ, ಎಂದು ದಾದಾಪೀರನ ತಲೆ ಯಾರೂ ಕೇಳದೆಯೇ ಹೇಳಿಕೊಂಡಿತು, ಎಪ್ಪತ್ಮೂರು ವರ್ಷದ ತಲೆ, ಮುಂಜಾನೆ ಗುಳಿಗೆ ನುಂಗಿದ್ದು ನೆನಪಿರುವುದಿಲ್ಲ, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತದೆ, ಆದರೆ ಕಪ್ಪು-ಬಿಳುಪು ಫಿಲ್ಮಿನ ಮೇಲೆ ಯಾವ ಗಾಜು ಯಾವ ಬಣ್ಣವನ್ನು ಏನು ಮಾಡುತ್ತದೆ ಎಂಬುದು ಮಾತ್ರ ಇವತ್ತಿಗೂ ಬಾಯಿಪಾಠ — ಹಳದಿ ಗಾಜು ಮೋಡವನ್ನು ಎತ್ತಿ ತೋರಿಸುತ್ತದೆ, ಹಸಿರು ಗಾಜು ಗಿಡದ ಎಲೆಗೆ ಜೀವ ತರುತ್ತದೆ, ಕೆಂಪು ಗಾಜು ನೀಲಿ ಮುಗಿಲನ್ನು ಕಪ್ಪಾಗಿಸಿ, ಕೆಂಪಗಿರುವುದನ್ನೆಲ್ಲ ಬಿಳಿಯೊಳಗೆ ಮುಳುಗಿಸಿ, ಇರಲೇ ಇಲ್ಲ ಅನ್ನಿಸಿಬಿಡುತ್ತದೆ. ಇರಲೇ ಇಲ್ಲ. ನಿನ್ನೆ ಅವನು ಹೇಳಿದ್ದೂ ಅದೇ ಮಾತು, ಮನೆ ಹುಡುಕಿಕೊಂಡು ಬಂದ ನೀಲಾ ಅಕ್ಕೋರಿಗೆ, ಕಣ್ಣು ಮಿಟುಕಿಸದೆ, ಏನೂ ಇರಲಿಲ್ಲವ್ವಾ ನಿಮ್ಮವ್ವನ ಮಾರಿ ಮ್ಯಾಲ, ಖರೆ ಹೇಳ್ತೀನಿ — ಖರೆ ಅಂದನಲ್ಲ, ಆ ಒಂದು ಶಬ್ದ ಬೇಕಾಗಿರಲಿಲ್ಲ, ಸುಳ್ಳು ಹೇಳುವವನಿಗೇ ಅದರ ಆಸರೆ ಬೇಕಾಗುವುದು — ಅದಕ್ಕೇ ಈಗ ಈ ಬಸ್ಸು, ಗದಗಿನಿಂದ ಲಕ್ಷ್ಮೇಶ್ವರಕ್ಕೆ, ತೊಡೆಯ ಮೇಲೆ ಚರ್ಮದ ಚೀಲ, ಚೀಲದೊಳಗೆ ಎರಡು ಕಣ್ಣಿನ ಹಳೆಯ ಯಾಶಿಕಾ ಕ್ಯಾಮೆರಾ, ಅದರ ಪಕ್ಕದ ಸಣ್ಣ ಡಬ್ಬಿಯಲ್ಲಿ ಆ ಕೆಂಪು ಗಾಜು. ಫಿಲ್ಮಿಲ್ಲದ ಕ್ಯಾಮೆರಾ ಯಾಕೆ ತಂದಿದ್ದೇನೆ ಎಂದು ಅವನಿಗೇ ಗೊತ್ತಿರಲಿಲ್ಲ.

ನಿನ್ನೆ ಬಂದವಳು ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತಳು, ನಲವತ್ತೈದರ ಸುಮಾರಿನ ಹೆಣ್ಣುಮಗಳು, ಶಿರಹಟ್ಟಿಯ ಸಾಲಿಯೊಳಗ ಅಕ್ಕೋರದೀನ್ರಿ, ಮನಿ ಲಕ್ಷ್ಮೇಶ್ವರ, ಹರ್ತಿ ಮೈಲಾರಲಿಂಗಪ್ಪ ನಮ್ಮ ಸೋದರಮಾವ, ಮರಿಯವ್ವನ ಮಗಳ್ರಿ ನಾ, ಎಂದು ಹೇಳುತ್ತಿರುವಾಗಲೇ ಬೆಟಗೇರಿಯ ಆ ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ಸುಮ್ಮನಾದವು, ಕರೆಂಟು ಹೋಗಿತ್ತು ಅಷ್ಟೆ, ಆದರೆ ದಾದಾಪೀರನಿಗೆ ಎದೆಯೇ ನಿಂತ ಹಾಗಾಯಿತು, ಮರಿಯವ್ವ, ಆ ಹೆಸರು ಕೇಳಿ ಎಷ್ಟು ವರ್ಷ, ಬರ್ರಿ ಕುಂಡ್ರಿ, ಎಂದ, ಆಕೆ ಕುಳಿತು ಚೀಲದಿಂದ ತೆಗೆದಳು, ಅವನೇ ತೆಗೆದ ಮರಿಯವ್ವನ ಫೋಟೋ, ಕಟ್ಟು ಬಿಚ್ಚಿದ್ದು, ಅಂಚು ಹಳದಿಯಾಗಿದ್ದು, ಹಿಂದೆ ಅವನ ಸ್ಟುಡಿಯೋದ ಹೆಸರೊತ್ತಿದ ನೀಲಿ ಶಿಕ್ಕೆ. ನಮ್ಮಪ್ಪಾರು ಹೋದ ತಿಂಗಳು ತೀರಿಕೊಂಡ್ರು, ಗ್ವಾಡಿ ಮ್ಯಾಲಿಂದು ಇದನ್ನ ಇಳಿಸಿ ತಂದೆ, ದೊಡ್ಡದು ಮಾಡಿಸೂಣು ಅಂತ ಮೊದಲ ಮೊಬೈಲಿನಾಗ ಹೊಡ್ಕೊಂಡೆ ಕಾಕಾ, ಆಮ್ಯಾಲ ಹಿಂಗ ಅಗಲಿಸಿ ನೋಡಿದೆ — ಎರಡು ಬೆರಳನ್ನು ಗಾಜಿನ ಮೇಲಿಟ್ಟು ದೂರ ಸರಿಸಿದಳು, ಮರಿಯವ್ವನ ಹಣೆ ಮೊಬೈಲಿನ ತುಂಬ ಬಂದಿತು — ಈ ಕುಂಕುಮ ನೋಡ್ರಿ, ಇದು ಕುಂಕುಮ ಅಲ್ಲ, ಕುಂಚದಲೆ ಬರದದ್ದು, ಕೂದಲೆಳಿ ಕಾಣ್ತಾವು. ಕಾಣುತ್ತಿದ್ದವು. ಅವನ ಕುಂಚದ ಎಳೆಗಳು, ಮೂರು ಸಣ್ಣ ಎಳೆ, ನಲವತ್ತೇಳು ವರ್ಷ ಯಾರ ಕಣ್ಣಿಗೂ ಬೀಳದೆ ಕುಳಿತಿದ್ದವು, ಒಬ್ಬಳ ಬೆರಳಿಗೆ ಸಿಕ್ಕಿಬಿದ್ದವು. ಆ ಕಾಲದಾಗ ಎಲ್ಲಾರೂ ಟಚ್ಚಿಂಗ್ ಮಾಡ್ತಿದ್ವಿ ಅಕ್ಕೋರ, ಎಂದ, ಇದು ಸುಳ್ಳಲ್ಲ. ಮತ್ತೇನೇನು ಮಾಡಿದ್ರಿ, ಎಂದು ಆಕೆ ಕೇಳಿದ್ದು ಸಿಟ್ಟಿನಿಂದಲ್ಲ, ಸಾಲಿಯ ಅಕ್ಕೋರು ಲೆಕ್ಕ ತಪ್ಪಿದ ಮಕ್ಕಳನ್ನು ಕೇಳುವ ಹಾಗೆ, ಮೆಲ್ಲಗೆ, ಆಮೇಲೆ ಸುಮ್ಮನೆ ತನ್ನ ಬೆರಳನ್ನೇ ನೋಡುತ್ತ ಹೇಳತೊಡಗಿದಳು, ನಮ್ಮವ್ವ ಹೋದಾಗ ನನಗ ನಾಲ್ಕು ವರ್ಷ, ಏನೂ ನೆನಪಿಲ್ಲ, ದನಿ ನೆನಪಿಲ್ಲ, ಒಂದ ಒಂದು ಐತಿ, ತೊಡಿ ಮ್ಯಾಲ ಮಲಗೀನಿ, ಮ್ಯಾಲೆ ಕೆಂಪಂದು ಏನೋ ಐತಿ, ಬೆರಳಲೆ ಒತ್ತತೀನಿ, ಬೆಳ್ಳಗ ಆಕ್ಕೈತಿ, ಬೆರಳ ತಗದ್ರ ಮತ್ತ ಕೆಂಪ ಬರತೈತಿ, ಮತ್ತ ಒತ್ತತೀನಿ, ಆಕಿ ನಗತಾಳ.

ಒತ್ತಿದರೆ ಬೆಳ್ಳಗೆ, ಬಿಟ್ಟರೆ ಕೆಂಪು. ಇದನ್ನು ಯಾರೂ ಕಲ್ಪಿಸಿ ಹೇಳಲಾರರು, ಅಂಥ ಮಚ್ಚೆಯೇ ಹಾಗೆ, ಗಲ್ಲದ ಮೇಲೆ ವೀಳ್ಯದೆಲೆಯಷ್ಟು ಹರಡಿದ ಕೆಂಪು ಮಚ್ಚೆ, ಬೆರಳಿಟ್ಟರೆ ಹಿಂದೆ ಸರಿದು ಮತ್ತೆ ಬರುತ್ತದೆ, ಅವನೂ ನೋಡಿದ್ದ, ಗಲ್ಲದಿಂದ ಕೈ ತೆಗೆದಾಗ ಮರಿಯವ್ವನ ಬೆರಳಿನ ಗುರುತು ಬೆಳ್ಳಗೆ ಉಳಿದು ನಿಧಾನವಾಗಿ ಕೆಂಪು ತುಂಬಿಕೊಂಡಿತ್ತು. ಎಲ್ಲಾರೂ ನಿನಗ ಕನಸು ಬಿದ್ದೈತಿ ಅಂತಾರ, ಎಂದಳು ನೀಲಾ, ನಮ್ಮಪ್ಪಾರು ಫೋಟೋ ತೋರಿಸಿ ಇಲ್ಲಿ ಎಲ್ಲೈತಿ ತೋರಸು ಅಂತಿದ್ರು, ಹರ್ತಿಗೆ ಹೋಗಿ ಕೇಳಿದೆ, ಮುದುಕ್ಯಾರು ಇತ್ತು ಅಂದವ್ರು ಕೆಲವ್ರು, ಇರಲಿಲ್ಲ ಅಂದವ್ರು ಕೆಲವ್ರು, ಯಾವಾಗ್ಲೂ ಸೆರಗು ಹೊಚಗೊಂಡು ಇರ್ತಿದ್ಲು, ಯಾರು ನೋಡ್ಯಾರವ್ವ ಅಂದ್ರು, ನೀವು ದೀಪ ಹಚ್ಚಿ ಎದುರು ಕುಂದ್ರಿಸಿ ನೋಡಿದವ್ರು, ನೀವಾದ್ರೂ ಹೇಳ್ರಿ, ಇದ್ರ ಆ ಕೆಂಪನ್ನ ಫೋಟೋದಾಗ ಮತ್ತ ತುಂಬಸ್ತೀನಿ, ನಮ್ಮವ್ವನ್ನ ನಮ್ಮವ್ವನ ಹಂಗ ನೋಡಬೇಕು ಒಂದ ಸಲ. ಆಗಲೇ ಅವನು ಇರಲಿಲ್ಲ ಅಂದದ್ದು. ಯಾಕಂದೆ, ಯಾಕಂದೆ ನಾನು, ಮರ್ಯಾದೆಗೆ, ನಲವತ್ತು ವರ್ಷ ಈ ಸೀಮೆಯಲ್ಲಿ ದಾದಾಪೀರ ತೆಗೆದ ಫೋಟೋ ಅಂದರೆ ಎರಡು ಮಾತಿಲ್ಲ ಎಂದು ಜನ ಅನ್ನುತ್ತಿದ್ದ ಆ ಒಂದು ಮಾತಿಗೆ, ಆಕೆ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಾಗ ತಲೆ ತಗ್ಗಿಸಿಕೊಂಡೇ ಕಳಿಸಿದ, ತಲೆ ತಗ್ಗಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಇವತ್ತು ಮುಂಜಾನೆ ಹೆಂಡತಿ ಅಲ್ಮಾಸಬಿ ಚಹಾದ ಬಟ್ಟಲು ಕುಕ್ಕಿಟ್ಟು, ಲಗ್ನ ಆದ ವರ್ಷ ನೀವ ಹೇಳಿದ್ರಿ ನನಗ, ಕೆಂಪ ಗಾಜು ಹಾಕಿ ಒಂದು ಹುಡುಗಿ ಮಚ್ಚಿ ಅಳಸಿಬಿಟ್ಟೆ ಅಂತ ಎದಿ ತಟ್ಟಿಕೊಂಡು ಹೇಳಿದ್ರಿ, ನಿನ್ನೆ ಆ ಹೆಣ್ಣುಮಗಳ ಮುಂದ ಬಾಯಿ ಬಿದ್ದುಹೋತೇನು, ಎಂದಳು, ಕ್ಯಾಮೆರಾದ ಚೀಲದ ಧೂಳು ಒರೆಸಿ ತಂದು ಬಾಗಿಲ ಹತ್ತಿರ ಇಟ್ಟಳು. ಹಾಗಾದರೆ ಕ್ಯಾಮೆರಾ ತಂದವನು ತಾನಲ್ಲ, ಅವಳು ಕೊಟ್ಟು ಕಳಿಸಿದ್ದು, ಅದನ್ನೂ ಮರೆತಿದ್ದ.

ಬಸ್ಸು ನಿಂತಿತು, ಹರ್ತಿಯವರು ಇಳೀರಿ ಎಂದು ಕಂಡಕ್ಟರ ಕೂಗಿದ, ಒಬ್ಬ ಮುದುಕ ಗೊಬ್ಬರದ ಚೀಲದ ಜೊತೆ ಇಳಿಯುತ್ತಿದ್ದ, ಮೈಲಾರಲಿಂಗಪ್ಪನೂ ಹೀಗೇ ಬಂದಿದ್ದ, ಎಪ್ಪತ್ತೆಂಟರಲ್ಲಿ, ರುಮಾಲು ಸುತ್ತಿಕೊಂಡು, ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ತಂಗಿ, ಸ್ಟುಡಿಯೋದ ಬಾಗಿಲಲ್ಲಿ ನಿಂತು, ತಲಿ ಬಗ್ಗಿಸಿ ಫೋಟೋ ತಗ್ಯೂ ಸಾಬರು ನೀವ ಏನ್ರಿ, ಎಂದು ಕೇಳಿದ್ದ. ಅದೇ ಹೆಸರಾಗಿತ್ತು ಅವನಿಗೆ. ಗದಗಿನಲ್ಲಿ ಬೇರೆ ಸ್ಟುಡಿಯೋ ಇರಲಿಲ್ಲ ಅಂತಲ್ಲ, ಚಲೋ ಚಲೋ ಪರದೆ, ಬಣ್ಣದ ಕಂಬ, ಪ್ಲಾಸ್ಟಿಕ್ ಗುಲಾಬಿ ಎಲ್ಲ ಇದ್ದವು ಅಲ್ಲಿ, ಆದರೆ ಅಲ್ಲಿಯವರ ಕ್ಯಾಮೆರಾ ಕಣ್ಣಿಗೆ ಹಿಡಿಯುವಂಥದ್ದು, ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲಿ ನೆಟ್ಟಗೆ ನೋಡುವವನ ಎದುರು ಲಗ್ನದ ಹುಡುಗಿಯನ್ನು ಕೂರಿಸಲು ತಂದೆ-ಅಣ್ಣಂದಿರಿಗೆ ಮನಸ್ಸು ಒಪ್ಪುತ್ತಿರಲಿಲ್ಲ. ದಾದಾಪೀರನದು ಎದೆಯ ಮಟ್ಟಕ್ಕೆ ಹಿಡಿಯುವ ಡಬ್ಬಿ, ಮೇಲೊಂದು ಕಣ್ಣು ಕೆಳಗೊಂದು ಕಣ್ಣು, ಮೇಲಿನ ಕಣ್ಣು ಕಂಡದ್ದನ್ನು ಡಬ್ಬಿಯ ನೆತ್ತಿಯಲ್ಲಿರುವ ಚೌಕದ ಗಾಜಿಗೆ ತಂದು ತೋರಿಸುತ್ತದೆ, ಕೆಳಗಿನ ಕಣ್ಣು ಫಿಲ್ಮಿನ ಮೇಲೆ ಬರೆಯುತ್ತದೆ, ಮುಚ್ಚಳ ಎತ್ತಿ ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ ನೋಡಬೇಕು, ಎದುರು ಕುಳಿತವಳಿಗೆ ಅವನ ನೆತ್ತಿಯಷ್ಟೇ ಕಾಣುವುದು, ಆಕೆಯ ಕಡೆ ತಲೆ ಎತ್ತಿ ನೋಡುವ ಗರಜೇ ಇಲ್ಲ. ಮುಂಡರಗಿಯಿಂದ ಬಂದರು, ಲಕ್ಕುಂಡಿಯಿಂದ ಬಂದರು, ಮಾನವಂತ ಹುಡುಗ, ಹೆಣ್ಣುಮಕ್ಕಳ ಕಡಿ ಕಣ್ಣೆತ್ತಿ ನೋಡೂದಿಲ್ಲ ಎಂದು ತಾವೇ ಸುದ್ದಿ ಹಬ್ಬಿಸಿದರು, ಅದು ಮಾನವೋ ಯಂತ್ರದ ರೀತಿಯೋ ಎಂದು ಅವನು ಯಾರಿಗೂ ಬಿಡಿಸಿ ಹೇಳಲಿಲ್ಲ, ಪುಕ್ಕಟೆ ಬಂದ ಹೆಸರನ್ನು ಯಾರು ತಾನೆ ಬೇಡ ಅನ್ನುತ್ತಾರೆ. ಇಪ್ಪತ್ತಾರರ ಹುಡುಗ, ಕುರ್ತಾದ ಕಾಲರು ಎತ್ತಿಕೊಂಡು ನಡೆಯುತ್ತಿದ್ದ.

ಗಲ್ಲದ ಮ್ಯಾಲಿಂದು ಬರಬಾರದು ನೋಡ್ರಿ ಸಾಬರ, ಎಂದಿದ್ದ ಮೈಲಾರಲಿಂಗಪ್ಪ, ಲಕ್ಷ್ಮೇಶ್ವರದ ಮನಿತನ, ಕಾಳಿನ ವ್ಯಾಪಾರದವ್ರು, ಫೋಟೋ ಮೊದಲ ಕಳಸರಿ ಅಂದಾರ, ಇದೊಂದ ಆಗಿ ಹ್ವಾದ್ರ ನನ್ನ ತಲಿ ಮ್ಯಾಲಿನ ಭಾರ ಇಳೀತೈತಿ. ಬರೂದಿಲ್ಲ ಬಿಡ್ರಿ, ಎಂದ ದಾದಾಪೀರ, ಎಷ್ಟು ಸಲೀಸಾಗಿ ಅಂದ, ಡಬ್ಬಿಯಿಂದ ಕೆಂಪು ಗಾಜು ತೆಗೆದು ದೀಪಕ್ಕೆ ಹಿಡಿದು ತೋರಿಸಿದ, ಕ್ಯಾಮೆರಾದ ಕೆಳಗಿನ ಕಣ್ಣಿಗೆ ತಿರುವಿ ಕೂರಿಸಿದ, ಅಲ್ಲಿಯವರೆಗೆ ಅದನ್ನು ಮೋಡಕ್ಕೆ, ಕಪ್ಪತಗುಡ್ಡಕ್ಕೆ, ಲಕ್ಕುಂಡಿಯ ಗುಡಿಯ ಕಲ್ಲಿಗೆ ಮಾತ್ರ ಹಾಕಿದ್ದ, ಕೆಲಸ ಕಲಿಸಿದ ಉಸ್ತಾದ ಬುಡ್ಡೇಸಾಬ ಹೇಳಿಯೇ ಕೊಟ್ಟಿದ್ದ, ಇದನ್ನ ಮುಗಿಲಿಗೆ ಹಾಕು ಲೇ, ಮಂದಿ ಮಾರಿಗೆ ಹಾಕಬ್ಯಾಡ, ತುಟಿ ಸೈತ ಸತ್ತವರಂಗ ಆಗತಾವು — ಅದಕ್ಕೇ ಹಾಕಿ ನೋಡುವ ಆಸೆ, ಬೇಡ ಅಂದದ್ದಕ್ಕೇ ಆಸೆ. ಮೈಲಾರಲಿಂಗಪ್ಪ ತಂಬಾಕು ಉಗುಳಲು ಹೊರಗೆ ಹೋದ. ಸ್ಟೂಲಿನ ಮೇಲೆ ಆಕೆ, ಗಲ್ಲದ ಮೇಲೆ ಅಂಗೈ ಮುಚ್ಚಿಕೊಂಡು ಕುಳಿತಿದ್ದಾಳೆ, ಚೌಕದ ಗಾಜಿನಲ್ಲಿ ಕಾಣುತ್ತಿದ್ದಾಳೆ, ಇವನ ತಲೆ ಬಗ್ಗಿದೆ, ಕೈ ಕೆಳಗ ಇಡವ್ವಾ ಎಂದ, ಆಕೆ ಇಡಲಿಲ್ಲ, ಅಣ್ಣಾರ, ಎಂದಳು, ದನಿ ನಡುಗಲಿಲ್ಲ, ಅದು ನೆನಪಿದೆ, ಅಣ್ಣಾರ, ಇದ್ದಂಗ ತಗೀರಿ, ಫೋಟೋ ನೋಡಿ ಒಪ್ಪಿದವ್ರು ಆಮ್ಯಾಲ ನನ್ನ ನೋಡಿ ಏನಂದಾರು, ಇದ್ದದ್ದು ನೋಡಿ ಬ್ಯಾಡ ಅಂದ್ರ ನಮ್ಮ ಮನ್ಯಾಗ ಇರ್ತೀನಿ, ನಮ್ಮಣ್ಣಗ ಹೇಳಬ್ಯಾಡ್ರಿ. ಆತವ್ವಾ, ಎಂದ. ಆತು ಅಂದಮೇಲೇ ಆಕೆ ಕೈ ಇಳಿಸಿದ್ದು, ಇಳಿಸಿದಾಗಲೇ ಆ ಬೆರಳಿನ ಬಿಳಿ ಗುರುತು, ಅದರ ಮೇಲೆ ಮೆಲ್ಲಗೆ ತುಂಬಿಕೊಂಡ ಕೆಂಪು, ನಂಬಿ ಇಳಿಸಿದ ಕೈ.

ಮಾಡಬಹುದಿತ್ತು. ಎಷ್ಟು ಸುಲಭವಿತ್ತು, ಅದನ್ನು ನೆನೆದರೆ ಈಗಲೂ ಕೈಬೆರಳು ಜುಮ್ಮೆನ್ನುತ್ತದೆ — ಕೆಂಪು ಗಾಜನ್ನು ಕೆಳಗಿನ ಕಣ್ಣಿನಿಂದ ಬಿಡಿಸಿ ಮೇಲಿನ ಕಣ್ಣಿಗೆ ಹಾಕಿದ್ದರೆ ಮುಗಿದುಹೋಗುತ್ತಿತ್ತು, ಒಂದು ತಿರುವು, ಎರಡು ಬೆರಳಿನ ಕೆಲಸ, ಮೇಲಿನ ಕಣ್ಣಿಗೆ ಹಾಕಿದ ಗಾಜು ಫಿಲ್ಮಿಗೆ ತಾಗುವುದೇ ಇಲ್ಲ, ಅಣ್ಣ ಒಳಗೆ ಬಂದು ನೋಡಿದರೆ ಕ್ಯಾಮೆರಾದ ಮೂತಿಯ ಮೇಲೆ ಕೆಂಪು ಇರುತ್ತಿತ್ತು, ಸಮಾಧಾನಪಡುತ್ತಿದ್ದ, ಯಾವ ಕಣ್ಣು ಬರೆಯುತ್ತದೆ ಯಾವ ಕಣ್ಣು ಬರೀ ನೋಡುತ್ತದೆ ಎಂದು ಹರ್ತಿಯ ರೈತನಿಗೆ ಎಲ್ಲಿಂದ ಗೊತ್ತಾಗಬೇಕು, ಕೆಳಗಿನ ಕಣ್ಣು ಬರಿದಾಗಿದ್ದು ಆಕೆಯನ್ನು ಇದ್ದ ಹಾಗೆ ಬರೆದುಬಿಡುತ್ತಿತ್ತು. ಆಮೇಲೆ ಅಣ್ಣ ಬೈದರೆ ಬೈಸಿಕೊಳ್ಳಬೇಕಾಗುತ್ತಿತ್ತು, ಇನ್ನೇನು. ಇದು ಆಗ ಹೊಳೆಯಲಿಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡಿದ್ದಾನೆ, ಸುಳ್ಳು, ಹೊಳೆದಿತ್ತು, ಕೈ ಗಾಜಿನ ಅಂಚಿಗೆ ಹೋಗಿತ್ತು ಕೂಡ, ಅಷ್ಟರಲ್ಲಿ ಮೈಲಾರಲಿಂಗಪ್ಪ ಬಂದು ಹಿಂದೆ ನಿಂತ, ಎಲೆತಂಬಾಕಿನ ವಾಸನೆ, ಕೈ ಹಿಂದಕ್ಕೆ ಬಂತು, ಅವನ ಹೆದರಿಕೆಯಿಂದಲ್ಲ, ಆ ಗಾಜು ಮನುಷ್ಯರ ಮೇಲೆ ಹೇಗೆ ಕೆಲಸ ಮಾಡುತ್ತದೆ ನೋಡಬೇಕು, ನೋಡಲೇಬೇಕು ಎಂಬ ಹುಕಿಯಿಂದ. ಉಸುರು ಹಿಡಿಯವ್ವಾ, ಅಳ್ಳಾಡಬ್ಯಾಡ, ಎಂದ, ಕೆಂಪು ಗಾಜು ಹಾಕಿದರೆ ಬೆಳಕು ಸಾಲದು, ಹೆಚ್ಚು ಹೊತ್ತು ಕ್ಯಾಮೆರಾದ ಬಾಗಿಲು ತೆರೆದಿರಬೇಕು, ಆಕೆ ಉಸಿರು ಹಿಡಿದಳು, ಒಪ್ಪಿಕೊಂಡವನ ಮಾತು ನಂಬಿ ಅಳ್ಳಾಡದೆ ಕುಳಿತಳು, ಅದಕ್ಕೇ ಆ ಫೋಟೋದಲ್ಲಿ ಅಷ್ಟು ಶಾಂತಿ. ನೋಡಿದವರೆಲ್ಲ ಎಂಥಾ ಶಾಂತ ಮುಖ ಅನ್ನುತ್ತಿದ್ದರು.

ಕತ್ತಲ ಕೋಣೆಯಲ್ಲಿ ತಟ್ಟೆಯ ನೀರಿನೊಳಗಿಂದ ಆಕೆ ಎದ್ದು ಬಂದಾಗ ಅವನು ಒಬ್ಬನೇ ನಕ್ಕುಬಿಟ್ಟಿದ್ದ, ಮಚ್ಚೆಯೇ ಇಲ್ಲ, ಗಲ್ಲ ಹಾಲಿನ ಹಾಗೆ, ಆಮೇಲೆ ಹಣೆ ನೋಡಿದ, ಕುಂಕುಮವೂ ಇಲ್ಲ, ಲಗ್ನಕ್ಕೆ ತೋರಿಸುವ ಹುಡುಗಿ ಬರೀ ಹಣೆಯಲ್ಲಿ ಕುಳಿತಿದ್ದಾಳೆ, ಗಾಜಿಗೆ ಏನು ಗೊತ್ತು ಯಾವ ಕೆಂಪು ಬೇಕು ಯಾವುದು ಬೇಡ ಎಂದು, ಎರಡನ್ನೂ ನುಂಗಿಬಿಟ್ಟಿತ್ತು. ಕುಂಚ ತೆಗೆದು ಕರಿ ಶಾಯಿಯಲ್ಲಿ ಮೂರು ಎಳೆ ಎಳೆದ, ಜನಕ್ಕೆ ಬೇಕಾದ ಕೆಂಪನ್ನು ವಾಪಸು ಕೊಟ್ಟ, ಬೇಡವಾದ ಕೆಂಪನ್ನು ಹಾಗೇ ಬಿಟ್ಟ, ಅದನ್ನು ನೆಟ್ಟಗೆ ಯೋಚಿಸಿದರೆ ಅವನು ಆ ದಿನ ಮಾಡಿದ್ದು ಅಷ್ಟೇ. ಮನಿತನದವರು ಫೋಟೋ ನೋಡಿ ಒಪ್ಪಿದರು, ಸಂಜೆ ಬಂದು ಕಂದೀಲಿನ ಬೆಳಕಿನಲ್ಲಿ ಸೆರಗು ಹೊದ್ದ ಹುಡುಗಿಯ ಕೈಗೆ ಎಲೆ-ಅಡಿಕೆ ಕೊಟ್ಟು ಎದ್ದರು, ಮುಂದಿನದು ಅವನು ಕೇಳಿ ತಿಳಿದದ್ದು, ಮೂರ್ನಾಲ್ಕು ವರ್ಷದ ಮೇಲೆ ಸಂತೆಗೆ ಬಂದ ಮೈಲಾರಲಿಂಗಪ್ಪ ಸ್ಟುಡಿಯೋದ ಮೆಟ್ಟಿಲ ಮೇಲೆ ಕುಳಿತು ಹೇಳಿದ್ದು, ಹೊಡಿಯೂದಿಲ್ಲ ಬಡಿಯೂದಿಲ್ಲ ಸಾಬರ, ಉಣ್ಣಾಕ ಉಡಾಕ ಕಡಿಮಿ ಇಲ್ಲ, ಮನಿಗೆ ಮಂದಿ ಬಂದ್ರ ಒಳಗ ಇರು ಅಂತಾರಂತ, ಆ ಫೋಟೋ ಪಡಸಾಲ್ಯಾಗ ಹಾಕ್ಯಾರ, ಬಂದವ್ರಿಗೆ ಅದನ್ನ ತೋರಿಸಿ ನಮ್ಮ ಸೊಸಿ ಅಂತಾರಂತ, ಅಕಿ ಗಂಡ ಒಂದಿನ ಕೇಳಿದ್ನಂತ, ಈ ಫೋಟೋದಾಗಿನಾಕಿ ಎಲ್ಲಿ ಅದಾಳ ಹೇಳು, ಅಕಿನ್ನ ಕರಕೊಂಬರತೀನಿ ಅಂತ. ಮುಂದಿನ ವರ್ಷವೇ ಕಾಮಾಲೆಯಾಗಿ ಹೋದಳು. ಹೋದ ಮೇಲೆ ಆ ಮನೆಯವರಿಗೆ ಅನುಕೂಲವೇ ಆಯಿತು, ಫೋಟೋದವಳು ಮಾತ್ರ ಉಳಿದಳು, ಗಂಧದ ಹಾರ ಹಾಕಿದರು, ಮಗಳಿಗೆ ಇವಳೇ ನಿಮ್ಮವ್ವ ಎಂದು ತೋರಿಸಿದರು, ಮಗಳು ಗೋಡೆಯ ಮೇಲಿನ ಗಾಜಿಗೆ ಬೆರಳು ಒತ್ತಿ ನೋಡಿರಬೇಕು, ಒತ್ತಿದರೂ ಬಿಳಿ, ಬಿಟ್ಟರೂ ಬಿಳಿ. ದಾದಾಪೀರ ಕಿಟಕಿಯ ಕಡೆ ಮುಖ ತಿರುಗಿಸಿದ, ಕಣ್ಣೀರಿಗೆ ಮೆಣಸಿನಕಾಯಿಯ ನೆಪ ಹೇಳೋಣವೆಂದರೆ ಅದು ಎಂದೋ ದಾಟಿಹೋಗಿತ್ತು.

ಇತ್ತವ್ವಾ, ಎಂದು ಮೊದಲು ಹೇಳಬೇಕು, ಕೂರುವ ಮೊದಲೇ, ನೀರು ಕುಡಿಯುವ ಮೊದಲೇ, ಇತ್ತವ್ವಾ, ಅಗಲಕ ಇತ್ತು, ವೀಳ್ಯದೆಲಿಯಷ್ಟು, ನಿಮ್ಮವ್ವನ ಈ ಗಲ್ಲದ ಮ್ಯಾಲ — ಎಂದು ಮನಸ್ಸಿನಲ್ಲೇ ಕೈ ಎತ್ತಿದ, ಎತ್ತಿದ ಕೈ ಎಡಗಲ್ಲಕ್ಕೆ ಹೋಯಿತು, ಎಡ, ಹೌದು, ಎಡಗಲ್ಲ, ಕಾಣುತ್ತಿದೆ ಈಗಲೂ, ಚೌಕದ ಗಾಜಿನಲ್ಲಿ ಎಡಗಡೆ — ಗಾಜಿನಲ್ಲಿ ಎಡಗಡೆ. ಬಸ್ಸು ಒಂದು ಗುಂಡಿಗೆ ಹಾರಿ ಬಿತ್ತು, ಚೀಲ ತೊಡೆಯಿಂದ ಜಾರಿತು, ಹಿಡಿದುಕೊಂಡ. ಆ ಗಾಜು ಎಡವನ್ನು ಬಲ ಮಾಡುತ್ತದೆ, ಬಲವನ್ನು ಎಡ, ಕನ್ನಡಿಯ ಹಾಗೆ, ಎದುರಿನವರು ಬಲಕ್ಕೆ ಸರಿದರೆ ಗಾಜಿನಲ್ಲಿ ಎಡಕ್ಕೆ ಸರಿಯುತ್ತಾರೆ, ಹೊಸದರಲ್ಲಿ ಎಷ್ಟು ತಲೆ ಕೆಟ್ಟಿತ್ತು, ಬುಡ್ಡೇಸಾಬ ನೆತ್ತಿಗೆ ಮೊಟಕಿ ಮೊಟಕಿ ಕಲಿಸಿದ್ದ, ಆಮೇಲೆ ರೂಢಿಯಾಯಿತು, ಎಷ್ಟು ರೂಢಿಯಾಯಿತೆಂದರೆ ತಲೆಯೇ ತಿರುವಿಕೊಂಡು ನೋಡತೊಡಗಿತು, ಗಾಜಿನಲ್ಲಿ ಉಲ್ಟಾ ಕಂಡದ್ದು ಮನಸ್ಸಿನಲ್ಲಿ ಸುಲ್ಟಾ ಆಗಿಯೇ ಇಳಿಯುತ್ತಿತ್ತು. ಹಾಗಾದರೆ ಈಗ ಕಾಣುತ್ತಿರುವುದು ಯಾವುದು, ಗಾಜಿನಲ್ಲಿದ್ದದ್ದೋ, ತಲೆ ತಿರುವಿಟ್ಟುಕೊಂಡದ್ದೋ, ನಲವತ್ತೇಳು ವರ್ಷದಲ್ಲಿ ನೆನಪು ಇನ್ನೆಷ್ಟು ಸಲ ಮಗ್ಗಲು ಬದಲಿಸಿತೋ. ಮುಚ್ಚಿದ್ದ ಕೈ ಯಾವುದು, ಬಲಗೈಯೋ, ಅದೂ ಗಾಜಿನಲ್ಲೇ ಕಂಡದ್ದು. ನೆಗೆಟಿವ್ ಹುಡುಕಿದರೆ — ನೆಗೆಟಿವಿನಲ್ಲಿ ಮಚ್ಚೆಯೇ ಇಲ್ಲ. ನೇರ ನೋಡಿದ್ದರೆ ಗೊತ್ತಿರುತ್ತಿತ್ತು, ಒಂದೇ ಸಲ, ಆಕೆ ಅಣ್ಣಾರ ಅಂದಾಗ ತಲೆ ಎತ್ತಿ, ಏನವ್ವಾ ಎಂದು ಕೇಳಿದ್ದರೆ, ಯಾರಾದರೂ ಮಾತಾಡಿದರೆ ತಲೆ ಎತ್ತುವುದಲ್ಲವೇ ಮನುಷ್ಯರು, ಎತ್ತಲಿಲ್ಲ, ಬಗ್ಗಿದ ತಲೆ ಬಗ್ಗಿಯೇ ಆತವ್ವಾ ಎಂದಿತು.

ಒಂದು ಹೇಳಿಬಿಟ್ಟರಾಯಿತು. ಎಡ ಅಂದರೂ ಸೈ ಬಲ ಅಂದರೂ ಸೈ, ಯಾರಿದ್ದಾರೆ ಅಲ್ಲ ಅನ್ನುವವರು, ನೀಲಾಗೂ ಯಾವ ಕಡೆ ಎಂಬುದು ನೆನಪಿಲ್ಲ, ನಿನ್ನೆ ಹೇಳಲಿಲ್ಲ, ಗೊತ್ತಿದ್ದರೆ ಹೇಳುತ್ತಿದ್ದಳು, ಗಟ್ಟಿ ದನಿಯಲ್ಲಿ ಬಲಗಲ್ಲ ಅಂದರೆ ಬಲಗಲ್ಲಕ್ಕೆ ಕೆಂಪು ತುಂಬಿಸುತ್ತಾಳೆ, ಗೋಡೆಗೆ ಹಾಕುತ್ತಾಳೆ, ಸಮಾಧಾನವಾಗುತ್ತದೆ, ತನಗೂ ಆಗುತ್ತದೆ — ಹೀಗೆ ಯೋಚಿಸುತ್ತಲೇ ಲಕ್ಷ್ಮೇಶ್ವರ ಬಂತು, ಇಳಿದ, ಕಾಳಿನ ಅಂಗಡಿಗಳ ಮುಂದೆ ಹೆಸರುಕಾಳು ಹರವಿದ್ದರು, ಹಮಾಲರು ಚೀಲ ಹೊಲಿಯುತ್ತಿದ್ದರು, ಸೋಮೇಶ್ವರನ ಗುಡಿಯ ಕಡೆಯಿಂದ ತಿರುಗಿ, ಎರಡು ಸಲ ದಾರಿ ಕೇಳಿ, ನಡೆಯುತ್ತ ನಡೆಯುತ್ತ ಬಲಗಲ್ಲ ಬಲಗಲ್ಲ ಎಂದು ಬಾಯಿಗೆ ರೂಢಿ ಮಾಡಿಕೊಂಡ, ಚಲೋ ಕೂತಿತು ಆ ಮಾತು ಬಾಯಲ್ಲಿ, ಖರೆಯ ಹಾಗೇ ಕೂತಿತು. ರವಿವಾರ, ನೀಲಾ ಮನೆಯಲ್ಲೇ ಇದ್ದಳು, ಮಕ್ಕಳ ಪರೀಕ್ಷೆಯ ಪೇಪರು ಮುಂದಿಟ್ಟುಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು, ಇವನನ್ನು ನೋಡಿ ಎದ್ದು ನಿಂತಳು, ಗೋಡೆಯ ಮೇಲೆ ಫೋಟೋ ಇದ್ದ ಜಾಗದಲ್ಲಿ ಸುಣ್ಣದ ಮಾಸದ ಬಿಳಿ ಚೌಕ. ಇತ್ತವ್ವಾ, ಎಂದ, ನಿಂತಲ್ಲೇ, ನಿನ್ನೆ ನಾ ಸುಳ್ಳು ಹೇಳಿದೆ. ಎಲ್ಲ ಹೇಳಿದ, ಡಬ್ಬಿ ತೆರೆದು ಕೆಂಪು ಗಾಜನ್ನು ಆಕೆಯ ಅಂಗೈಗೆ ಹಾಕಿದ, ಇದ್ದಂಗ ತಗೀರಿ ಅಂದಿದ್ಲು, ಆತು ಅಂದಿದ್ದೆ, ಎಂದ, ಆಕೆ ಗಾಜನ್ನು ಕಣ್ಣಿಗೆ ಹಿಡಿದು ತಾನು ತಿದ್ದುತ್ತಿದ್ದ ಪೇಪರಿನ ಕಡೆ ನೋಡಿದಳು, ಕೆಂಪು ಶಾಯಿಯಲ್ಲಿ ಹಾಕಿದ ಗುರುತುಗಳೆಲ್ಲ ಇಲ್ಲವಾದದ್ದನ್ನು ನೋಡಿರಬೇಕು, ಗಾಜು ಇಳಿಸಿ ಮೆಲ್ಲಗೆ ಕೆಳಗಿಟ್ಟಳು. ಅಂದ್ರ ಕನಸಲ್ಲ, ಎಂದಳು. ಕನಸಲ್ಲವ್ವಾ. ಒಮ್ಮೆ ಜೋರಾಗಿ ಉಸಿರು ಬಿಟ್ಟಳು, ನಾಲ್ಕು ವರ್ಷದವಳಿದ್ದಾಗಿನಿಂದ ಹಿಡಿದುಕೊಂಡಿದ್ದಳೋ ಏನೋ, ಮುಖ ಹಗುರಾಯಿತು, ನಗೆಯೂ ಬಂತು, ಸೆರಗಿನಿಂದ ಕಣ್ಣೊರೆಸಿಕೊಂಡು ಅವನಿಗೆ ತೀರ ಹತ್ತಿರ ಬಂದು ಕುಳಿತಳು, ಯಾವ ಗಲ್ಲ ಕಾಕಾ, ಎಂದಳು.

ಬಲಗಲ್ಲ, ಬಾಯಲ್ಲಿ ತಯಾರಾಗಿ ಕುಳಿತಿತ್ತು, ತುಟಿಯ ತನಕ ಬಂದಿತ್ತು, ಒಂದು ಶಬ್ದ, ಅದನ್ನು ಕೊಟ್ಟರೆ ಈ ನಗೆ ಹೀಗೇ ಉಳಿಯುತ್ತದೆ, ಆಕೆ ಗೋಡೆಯ ಆ ಬಿಳಿ ಚೌಕದ ಮೇಲೆ ತಾಯಿಯನ್ನು ವಾಪಸು ತಂದು ಹಾಕುತ್ತಾಳೆ, ಕುಂಕುಮಕ್ಕೆ ಎಳೆದ ಹಾಗೆ ಇನ್ನು ಮೂರು ಎಳೆ ಎಳೆದರೆ ಮುಗಿಯಿತು — ಗೊತ್ತಿಲ್ಲವ್ವಾ, ಎಂದ. ತನ್ನ ದನಿ ತನಗೇ ಗುರುತು ಹತ್ತಲಿಲ್ಲ. ಗಾಜಿನ್ಯಾಗ ನೋಡಿದೆ, ಗಾಜಿನ್ಯಾಗ ಎಡ ಬಲ ಅದಲಬದಲ ಇರತೈತಿ, ತಲಿ ಎತ್ತಿ ನೋಡಲಿಲ್ಲ ನಾ ನಿಮ್ಮವ್ವನ್ನ. ಹೊರಗೆ ಯಾರದೋ ಮನೆಯಲ್ಲಿ ಕುಕ್ಕರು ಕೂಗಿ ನಿಂತಿತು, ನೋಡದವ್ರು ಭಾಳ ಮಂದಿ ಇದ್ರು ಕಾಕಾ, ಎಂದಳು, ನೋಡಿದವ್ರು ನೀವೊಬ್ರರ ಇದ್ದೀರಿ ಅಂತ ತಿಳಕೊಂಡಿದ್ದೆ. ಬೈದಿದ್ದರೆ ಆಗುತ್ತಿತ್ತು, ಬೈಯಲಿಲ್ಲ, ಫೋಟೋವನ್ನು ತಂದು ತೊಡೆಯ ಮೇಲಿಟ್ಟುಕೊಂಡಳು, ತೋರುಬೆರಳು ಮುಂದೆ ಚಾಚಿ ಒಂದು ಗಲ್ಲದ ಹತ್ತಿರ ತಂದಳು, ಮುಟ್ಟಲಿಲ್ಲ, ಮೂಗಿನ ಮೇಲಿಂದ ದಾಟಿಸಿ ಇನ್ನೊಂದು ಗಲ್ಲದ ಹತ್ತಿರ ತಂದಳು, ಅಲ್ಲಿಯೂ ಮುಟ್ಟಲಿಲ್ಲ, ಮತ್ತೆ ಈ ಕಡೆ, ಮತ್ತೆ ಆ ಕಡೆ, ದಾದಾಪೀರ ಈಗ ತಲೆ ಎತ್ತಿ ನೋಡುತ್ತಿದ್ದಾನೆ, ನೆಟ್ಟಗೆ ನೋಡುತ್ತಿದ್ದಾನೆ, ಆ ಬೆರಳು, ಎರಡು ಬಿಳಿ ಗಲ್ಲಗಳ ನಡುವೆ, ಒತ್ತಲು ಜಾಗ ಸಿಗದೆ, ಆ ಬೆರಳು.